ಬಡಾವಣೆಯ ಕಲಾ ಉತ್ಸವ: ಹೆಸರು ಕೊಟ್ಟ ಎಲ್ಲರಿಗೂ ಜಾಗವೇ, ಆಯ್ಕೆಯೇ?

ಮೂಲೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಎರಡು ದಿನದ ಕಲಾ ಉತ್ಸವ ನಡೆಸುವ ಏಳು ಜನರ ಸಮಿತಿಯಲ್ಲಿ ನಾನೂ ಒಬ್ಬಳು. ಇದು ಎರಡನೇ ವರ್ಷ. ಮೊದಲ ವರ್ಷ ಆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಆಮೇಲೆ ಸಲಹೆ ಕೇಳುತ್ತೇನೆ.

ಕಳೆದ ಸಲ ದೊಡ್ಡ ವೇದಿಕೆ ಹಾಕಿ, ಹೊರಗಿನಿಂದ ಹೆಸರಾಂತ ತಂಡ ಕರೆಸಿದೆವು. ಕೂಡಿದ ಹಣದಲ್ಲಿ ಮುಕ್ಕಾಲು ಪಾಲು ವೇದಿಕೆ, ದೀಪ, ಸ್ಪೀಕರ್‌ಗೇ ಹೋಯಿತು. ನಮ್ಮದೇ ಬೀದಿಗಳ ಚಿತ್ರಕಾರರಿಗೆ ಸಿಕ್ಕಿದ್ದು ರಸ್ತೆಯ ಕೊನೆಯಲ್ಲಿ, ಜನರೇಟರ್ ಪಕ್ಕ ಕಟ್ಟಿದ ಒಂದು ಹಗ್ಗ. ಅದಕ್ಕೇ ಕ್ಲಿಪ್ ಹಾಕಿ ಚಿತ್ರಗಳನ್ನು ತೂಗುಬಿಟ್ಟಿದ್ದೆವು. ಅಲ್ಲಿ ಒಬ್ಬ ಅಜ್ಜಿ ಬೆಳಗ್ಗೆಯಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂತಿದ್ದರು. ಬಟ್ಟೆಯ ಮೇಲೆ ಹಕ್ಕಿಗಳನ್ನು ಬರೆಯುವವರು. ಒಂದೊಂದು ಗರಿಯನ್ನೂ ಎಣಿಸಬಹುದು, ಅಷ್ಟು ನವುರು. ಯಾರೂ ಅವರ ಹೆಸರು ಕೇಳಲಿಲ್ಲ. ಹೆಸರಿನ ಚೀಟಿಯನ್ನೇ ನಾವು ಹಾಕಿರಲಿಲ್ಲ. ಸಂಜೆ ಚಿತ್ರ ಬಿಚ್ಚಿಕೊಡುವಾಗ ಮಾತಿಗೆ ಮಾತು ಬಂದು ತಿಳಿಯಿತು, ಅವರು ನನ್ನ ಮನೆಯಿಂದ ಮೂರನೇ ಮನೆಯವರು. ಹನ್ನೊಂದು ವರ್ಷ ದಿನವೂ ಆ ಮನೆ ಮುಂದೆ ಓಡಾಡಿದ್ದೇನೆ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈ ಸಲ ಹೊರಗಿನ ತಂಡ ಬೇಡ, ನಮ್ಮ ಬಡಾವಣೆಯ ಕಲಾವಿದರೇ ಸಾಕು ಅಂತ ಸಮಿತಿಯಲ್ಲಿ ಪಟ್ಟು ಹಿಡಿದು ಒಪ್ಪಿಸಿದ್ದೇನೆ. ಹತ್ತು ದಿನದಲ್ಲಿ 64 ಜನ ಹೆಸರು ಕೊಟ್ಟರು. ಚಿತ್ರ, ಮಣ್ಣಿನ ಕೆಲಸ, ಕಸೂತಿ, ಛಾಯಾಚಿತ್ರ, ಹಾಡು, ನಾಟಕ ಎಲ್ಲವೂ ಇದೆ. ಚಿತ್ರದವರೇ 48 ಮಂದಿ, ಚಿತ್ರ ತೂಗುಹಾಕುವ ಪ್ಯಾನೆಲ್‌ಗಳಿರುವುದು 40. ಆಯ್ಕೆ ಸಮಿತಿ ಮಾಡಿ ಅಂತ ಕೆಲವರು, ಯಾರನ್ನೂ ಬಿಡಬೇಡಿ ಅಂತ ಕೆಲವರು. ಅನುಭವ ಇದ್ದವರು ದಾರಿ ತೋರಿಸಿ.

ಕಪ್ಪುಮಸಿ:
ಆಯ್ಕೆ ಬೇಡವೇ ಬೇಡ. ನಾನು ಮರದ ಅಚ್ಚಿನಲ್ಲಿ ಪ್ರಿಂಟ್ ತೆಗೆಯುವವನು, ಮೂವತ್ತು ವರ್ಷದಿಂದ ಇದೇ ಕೆಲಸ.

ಈ ಜಗಳ ಬಹಳ ಹಳೆಯದು. 1863ರಲ್ಲಿ ಪ್ಯಾರಿಸ್ಸಿನ ಅಧಿಕೃತ ಪ್ರದರ್ಶನದ ಆಯ್ಕೆದಾರರು ರಾಶಿ ರಾಶಿ ಚಿತ್ರಗಳನ್ನು ತಿರಸ್ಕರಿಸಿದಾಗ ಗಲಾಟೆ ಎದ್ದು, ಚಕ್ರವರ್ತಿ ಮೂರನೇ ನೆಪೋಲಿಯನ್ನನೇ ತಿರಸ್ಕೃತರಿಗೆ ಬೇರೆ ಪ್ರದರ್ಶನ ಏರ್ಪಡಿಸಬೇಕಾಯಿತು. ಜನ ನಗುವುದಕ್ಕೆಂದೇ ಬಂದರು. ಆದರೆ ಅಲ್ಲಿ ಎಡ್ವರ್ಡ್ ಮಾನೆಯ ಚಿತ್ರವಿತ್ತು, ಇಂದು ಅವನನ್ನು ಬಿಟ್ಟು ಆ ಕಾಲದ ಚಿತ್ರಕಲೆಯ ಮಾತಾಡಲು ಬರುವುದಿಲ್ಲ. 1884ರಲ್ಲಿ ಸೂರಾ, ಸಿನ್ಯಾಕ್ ಮೊದಲಾದವರು ಅದೇ ಊರಿನಲ್ಲಿ ಸ್ವತಂತ್ರ ಕಲಾವಿದರ ಸಂಘ ಕಟ್ಟಿದರು. ಆಯ್ಕೆ ಇಲ್ಲ, ಬಹುಮಾನವೂ ಇಲ್ಲ, ಅದೇ ಅವರ ನಿಯಮ.

ನಿಮಗೆ ನೇರವಾಗಿ ಉಪಯೋಗಕ್ಕೆ ಬರುವುದು ಅದೇ ನಿಯಮದಲ್ಲಿ ನಡೆದ 1917ರ ನ್ಯೂಯಾರ್ಕ್ ಪ್ರದರ್ಶನ. ಸುಮಾರು 1,200 ಕಲಾವಿದರ 2,000ಕ್ಕೂ ಹೆಚ್ಚು ಕೃತಿಗಳು. ಯಾರನ್ನು ಬಾಗಿಲ ಬಳಿ ಹಾಕುವುದು, ಯಾರನ್ನು ಮೂಲೆಗೆ? ಅವರು ಕಲಾವಿದರ ಹೆಸರಿನ ಅಕ್ಷರದ ಕ್ರಮದಲ್ಲೇ ತೂಗುಹಾಕಿದರು, ಯಾವ ಅಕ್ಷರದಿಂದ ಶುರು ಅನ್ನುವುದನ್ನೂ ಚೀಟಿ ಎತ್ತಿ ತೀರ್ಮಾನಿಸಿದರು. ನೀವೂ ವರ್ಣಮಾಲೆ ಬರೆದು ಚೀಟಿ ಹಾಕಿ. 'ಅ'ದಿಂದಲೇ ಶುರು ಮಾಡಿದರೆ ಅನಿತಾ, ಅರುಣ ಅನ್ನುವವರಿಗೆ ಪ್ರತಿ ವರ್ಷವೂ ಮುಂದಿನ ಸಾಲು. ಜನರೇಟರ್ ಪಕ್ಕದ ಜಾಗ ಯಾರಿಗೆ ಬಂದರೂ ಅದು ಚೀಟಿಯ ತೀರ್ಮಾನವಾಗಿರಲಿ, ಸಮಿತಿಯವರ ಮುಲಾಜಿನದ್ದಾಗುವುದು ಬೇಡ.

ತಿದ್ದುಗೆರೆ:
ಕಪ್ಪುಮಸಿಯವರೇ, ಗೌರವದಿಂದಲೇ ನಿಮ್ಮ ಮಾತಿಗೆ ಅಡ್ಡ ಬರುತ್ತಿದ್ದೇನೆ. ಆಯ್ಕೆ ಇಲ್ಲ ಎಂದು ಸಾರಿದ ಅದೇ 1917ರ ಪ್ರದರ್ಶನದವರು ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂ ಕಲಾಕೃತಿಯೆಂದು ಕಳಿಸಿದ ಮೂತ್ರದ ಬೋಗುಣಿಯನ್ನು ಪ್ರದರ್ಶಿಸಲು ಒಪ್ಪಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ ಅಂದವರೊಳಗೂ ಆಯ್ಕೆ ಅವಿತಿರುತ್ತದೆ. ಅವಿತು ಕೂತ ಆಯ್ಕೆಗಿಂತ ಹೇಳಿ ಮಾಡುವ ಆಯ್ಕೆ ವಾಸಿ.

ನಾನು ಶಾಲೆಯಲ್ಲಿ ಚಿತ್ರ ಕಲಿಸುತ್ತೇನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಪ್ರದರ್ಶನಕ್ಕೆ ನಾಲ್ಕು ಚಿತ್ರ ಕೊಟ್ಟಿದ್ದೆ. ನಾಲ್ಕೂ ವಾಪಸ್ ಬಂದವು, ಜೊತೆಗೆ ಒಂದು ಸಾಲಿನ ಕಾರಣವೂ ಇರಲಿಲ್ಲ. ಎರಡು ವರ್ಷ ಕುಂಚ ಮುಟ್ಟಲಿಲ್ಲ. ಆದ್ದರಿಂದ ತಿರಸ್ಕಾರದ ನೋವು ನನಗೆ ಚೆನ್ನಾಗಿ ಗೊತ್ತು. ಆದರೂ ಹೇಳುತ್ತೇನೆ, ಒಬ್ಬರು ತಂದ ಹತ್ತು ಚಿತ್ರವನ್ನೂ ಒಂದೇ ಪ್ಯಾನೆಲ್‌ಗೆ ತುಂಬಿದರೆ ನೋಡುವವನ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಕಲಾವಿದರನ್ನು ಆರಿಸಬೇಡಿ, ಚಿತ್ರಗಳನ್ನು ಆರಿಸಿ. ಪ್ರತಿಯೊಬ್ಬರೂ ಐದು ತರಲಿ. ಕಲಾವಿದರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಐದನ್ನೂ ನೆಲದ ಮೇಲೆ ಹರಡಿ, ಯಾವ ಎರಡು ಅಂತ ಒಟ್ಟಿಗೆ ನೋಡಿ. ಹೀಗೆ ಮಾಡಿದರೆ ಯಾರೂ ಹೊರಗೆ ಉಳಿಯುವುದಿಲ್ಲ, ಎಂಟು ಪ್ಯಾನೆಲ್‌ಗಳನ್ನು ಇಬ್ಬಿಬ್ಬರು ಹಂಚಿಕೊಂಡರೆ ಲೆಕ್ಕವೂ ಸರಿಹೋಗುತ್ತದೆ. ಆ ಅರ್ಧ ಗಂಟೆಯ ಮಾತುಕತೆಯೇ ಎಷ್ಟೋ ಜನಕ್ಕೆ ಮೊದಲ ಸಲ ಸಿಗುವ ನಿಜವಾದ ವಿಮರ್ಶೆ. ಮನೆಯವರು 'ಚೆನ್ನಾಗಿದೆ' ಅನ್ನುತ್ತಾರೆ, ಅಷ್ಟೇ. ಈ ಗೆರೆ ಯಾಕೆ ಜೀವಂತ, ಆ ಬಣ್ಣ ಯಾಕೆ ಕೆಸರು ಅಂತ ಹೇಳುವವರು ಅವರಿಗೆ ಎಲ್ಲಿ ಸಿಗುತ್ತಾರೆ?

ಕಪ್ಪುಮಸಿ:
ಕಲಾವಿದರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅನ್ನುವುದಾದರೆ ನನ್ನ ತಕರಾರಿಲ್ಲ. ಕೊನೆಯ ಮಾತು ಮಾತ್ರ ಬರೆದವರದ್ದಾಗಿರಬೇಕು.

ತಿದ್ದುಗೆರೆ:
ಒಪ್ಪಿದೆ.

ಮೂಲೆಮನೆ:
ಇಬ್ಬರಿಗೂ ಧನ್ಯವಾದ. 48 ಜನ, ತಲಾ ಅರ್ಧ ಗಂಟೆ ಅಂದರೆ 24 ಗಂಟೆ. ಮೂರು ಭಾನುವಾರ ಹಿಡಿಯಬಹುದು, ಆದರೂ ಮಾಡೋಣ ಅನ್ನಿಸುತ್ತಿದೆ. ಇನ್ನೊಂದು ವಿಷಯ: ಕಳೆದ ಸಲ ಹಗ್ಗಕ್ಕೆ ಹಾಕಿದ ಜಲವರ್ಣವೊಂದು ಗಾಳಿಗೆ ಹರಿದುಹೋಯಿತು. ಈ ಸಲವೂ ಬಯಲಲ್ಲೇ ನಡೆಸಬೇಕು. ಏನೇನು ಎಚ್ಚರಿಕೆ ಬೇಕು?

ಬಿಸಿಲುಮಚ್ಚು:
ಇದಕ್ಕೆ ನಾನು ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಬಯಲು ಪ್ರದರ್ಶನಗಳಲ್ಲಿ ಕೃತಿಗಳು ಹಾಳಾಗುವುದನ್ನು ಕಂಡು ಕಂಡು ಹೊಟ್ಟೆ ಉರಿದಿದೆ. ಫ್ರೇಮ್ ಕಟ್ಟುವುದು ನನ್ನ ಕಸುಬು.

ಮೊದಲನೆಯದು ಬಿಸಿಲು. ಜಲವರ್ಣ, ಕಾಗದದ ಕೆಲಸ, ಬಣ್ಣದ ಬಟ್ಟೆಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕನ್ನೇ ಮಿತಿಯಾಗಿ ಇಟ್ಟುಕೊಳ್ಳುತ್ತಾರೆ. ನಡು ಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಎರಡು ಸಾವಿರ ಪಟ್ಟು! ಹೋದ ಬಣ್ಣ ಮತ್ತೆ ಬರುವುದಿಲ್ಲ. ಕೆಲವು ಕೆಂಪು, ನೇರಳೆಗಳು, ಅದರಲ್ಲೂ ಅಲಿಜರಿನ್ ಕ್ರಿಮ್ಸನ್‌ನಂಥವು, ಬೇಗ ಸೋಲುತ್ತವೆ. ಆದ್ದರಿಂದ ಅಕ್ಷರ ಕ್ರಮ ಒಳ್ಳೆಯದೇ, ಆದರೆ ಕಾಗದ ಮತ್ತು ಬಟ್ಟೆಯ ಕೆಲಸದವರಿಗೆ ಮಾತ್ರ ನೆರಳಿನ ಬದಿ ಮೀಸಲಿಡಿ. ಬೀದಿಯ ಯಾವ ಬದಿಗೆ ಎಷ್ಟು ಹೊತ್ತಿಗೆ ನೆರಳು ಬರುತ್ತದೆ ಅಂತ ಒಂದು ವಾರ ಮೊದಲೇ ನಿಂತು ನೋಡಿ ಬರೆದಿಟ್ಟುಕೊಳ್ಳಿ. ಹೆಚ್ಚು ಕಷ್ಟವಿಲ್ಲ, ಒಂದು ದಿನ ಗಂಟೆಗೊಮ್ಮೆ ಫೋಟೋ ತೆಗೆದರೆ ಆಯಿತು. ಹಾಗೆಯೇ ಗಾಜಿನ ಫ್ರೇಮನ್ನು ಬಿಸಿಲಿಗೆ ಒಡ್ಡಿದರೆ ಒಳಗಿನ ತೇವ ಆವಿಯಾಗಿ ಗಾಜಿನ ಒಳಮೈಗೆ ಹನಿಗಟ್ಟುತ್ತದೆ. ಆ ಹನಿ ಕಾಗದಕ್ಕೆ ತಗುಲಿದರೆ ಕಲೆ ಉಳಿದುಬಿಡುತ್ತದೆ. ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡಿನ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು) ಅಂತರ ಇರಲೇಬೇಕು.

ಎರಡನೆಯದು ಗಾಳಿ. ಗಾಳಿಯ ವೇಗ ಎರಡರಷ್ಟಾದರೆ ಪ್ಯಾನೆಲ್ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಬೆಳಗ್ಗೆ ಅಲುಗಾಡದೆ ನಿಂತದ್ದು ಸಂಜೆ ಮಗುವಿನ ಮೇಲೆ ಬೀಳಬಹುದು. ಪ್ಯಾನೆಲ್‌ಗಳನ್ನು ನೇರ ಸಾಲಿನಲ್ಲಿ ನಿಲ್ಲಿಸದೆ ಮಡಚಿದ ಪರದೆಯ ಹಾಗೆ ಅಂಕುಡೊಂಕಾಗಿ ಜೋಡಿಸಿ, ಒಂದಕ್ಕೊಂದು ಕಟ್ಟಿ, ಕಾಲುಗಳಿಗೆ ಮರಳಿನ ಚೀಲ ಹೇರಿ. ಹಲಗೆಯ ಬದಲು ಜಾಲರಿಯ ಪ್ಯಾನೆಲ್ ಸಿಕ್ಕರೆ ಇನ್ನೂ ಒಳ್ಳೆಯದು, ಗಾಳಿ ಒಳಗಿಂದ ಹಾದುಹೋಗುತ್ತದೆ. ಪ್ರತಿ ಚಿತ್ರಕ್ಕೂ ಎರಡು ಕೊಕ್ಕೆ ಇರಲಿ. ಒಂದೇ ಕೊಕ್ಕೆಯಾದರೆ ಗಾಳಿಗೆ ಓಲಾಡಿ ದಾರ ಸವೆಯುತ್ತದೆ.

ಎತ್ತರದ ಬಗ್ಗೆಯೂ ಒಂದು ಮಾತು. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂಟಿಮೀಟರ್ ಇರುವಂತೆ ಹಾಕುವುದು ವಾಡಿಕೆ, ನಿಂತವರ ಕಣ್ಣಿನ ಮಟ್ಟಕ್ಕೆ. ಬೀದಿಗೆ ಬರುವವರಲ್ಲಿ ಮಕ್ಕಳಿರುತ್ತಾರೆ, ಗಾಲಿಕುರ್ಚಿಯವರಿರುತ್ತಾರೆ. ಒಂದಿಷ್ಟು ಕೃತಿಗಳನ್ನಾದರೂ ಕೆಳಗೆ ಹಾಕಿ. ಮಳೆ ಬಂದರೆ ಯಾರು ಯಾವ ಪ್ಯಾನೆಲ್ ಬಿಚ್ಚಿ ಎಲ್ಲಿಗೆ ಒಯ್ಯಬೇಕು ಅಂತ ಮೊದಲೇ ಹೆಸರು ಹಿಡಿದು ಹಂಚಿ. ಆಗಲೇ ಹಂಚಿಕೊಳ್ಳೋಣ ಅಂದುಕೊಂಡರೆ ಎಲ್ಲರೂ ತಮ್ಮ ತಮ್ಮದನ್ನು ಎತ್ತಿಕೊಂಡು ಓಡುತ್ತಾರೆ. ವಯಸ್ಸಾದವರದ್ದು ನೆನೆಯುತ್ತದೆ.

ಹಗ್ಗ, ಕ್ಲಿಪ್ ಮಾತ್ರ ಖಂಡಿತ ಬೇಡ. ಒಗೆದ ಬಟ್ಟೆಗೆ ಮಾಡುವ ಉಪಚಾರ ಅದು.

ಕೊಳಲುದನಿ:
ಚಿತ್ರದವರ ಮಾತೇ ನಡೆಯುತ್ತಿದೆ, ಸಂಗೀತದವರ ಪರವಾಗಿ ನಾನು ಬರೆಯುತ್ತೇನೆ. ದಯವಿಟ್ಟು ದೊಡ್ಡ ವೇದಿಕೆ ಹಾಕಬೇಡಿ. ಬಡಾವಣೆಯ ಕಲಾವಿದರು ಹೆಚ್ಚಿನವರು ಒಬ್ಬೊಬ್ಬರೇ ಅಥವಾ ಇಬ್ಬಿಬ್ಬರೇ ನುಡಿಸುವವರು. ದೊಡ್ಡ ವೇದಿಕೆ ಹತ್ತಿಸಿದರೆ ಅವರು ಚಿಕ್ಕದಾಗಿ ಕಾಣುತ್ತಾರೆ, ನೆಲಕ್ಕಿಳಿಸಿದರೆ ದೊಡ್ಡವರಾಗುತ್ತಾರೆ. ಮರದ ಕೆಳಗೆ, ಮೆಟ್ಟಿಲ ಮೇಲೆ, ತಿರುವಿನಲ್ಲಿ ಮೂರು ನಾಲ್ಕು ಜಾಗ ಗುರುತಿಸಿ. ಮೂವತ್ತು ಜನ ಸುತ್ತ ಕೂರುವಷ್ಟಿದ್ದರೆ ಸಾಕು.

ಬಯಲಿನಲ್ಲಿ ದೂರ ಎರಡರಷ್ಟಾದಂತೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎರಡೂ ಕಡೆ ಗೋಡೆ ಇರುವ ಬೀದಿಯಲ್ಲಿ ಅಷ್ಟು ಇಳಿಯುವುದಿಲ್ಲ, ಗೋಡೆಗೆ ತಾಗಿ ಮರಳುತ್ತದೆ. ಹಾಗಾಗಿ ಒಂದು ಜಾಗದಲ್ಲಿ ಸ್ಪೀಕರ್ ಹಾಕಿದರೆ ಉಳಿದೆಲ್ಲ ಜಾಗಗಳೂ ಸತ್ತಂತೆ. ಸ್ಪೀಕರ್ ಇಲ್ಲದೆ ನುಡಿಸುವವರಿಗೂ ಸ್ಪೀಕರ್ ಬೇಕಾದವರಿಗೂ ಬೇರೆ ಬೇರೆ ಹೊತ್ತು ಕೊಡಿ. ಜನರೇಟರನ್ನು ಕಟ್ಟಡದ ಹಿಂದಕ್ಕೆ ಸರಿಸಿ.

ನಾಟಕದವರಿಗೂ ಇದೇ ಮಾತು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1947ರಲ್ಲಿ ದೊಡ್ಡ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ ಕರೆಯದೇ ಇದ್ದ ಎಂಟು ನಾಟಕ ತಂಡಗಳು ಬಂದು ಊರಿನ ಅಂಚಿನ ಸಣ್ಣಪುಟ್ಟ ಜಾಗಗಳಲ್ಲಿ ಆಡಿದವು. ಆ ಅಂಚಿನ ಆಟವೇ ಬೆಳೆದು ಇಂದು ಜಗತ್ತಿನ ಅತಿ ದೊಡ್ಡ ಕಲಾ ಉತ್ಸವ ಅನ್ನಿಸಿಕೊಂಡಿದೆ. ಹುಟ್ಟಿದ್ದು ಸಣ್ಣ ಜಾಗದಲ್ಲಿ.

ಹೊಸಗರಿ:
ನಾನೂ ಇದೇ ಉತ್ಸವಕ್ಕೆ ಹೆಸರು ಕೊಟ್ಟವಳು, ಆದರೆ ವಾಪಸ್ ತೆಗೆದುಕೊಳ್ಳೋಣ ಅಂತಿದ್ದೇನೆ. ನಾನು ಬರೆಯುವುದು ಟ್ಯಾಬ್ಲೆಟ್‌ನಲ್ಲಿ. ಕುಂಚ ಹಿಡಿದು ಕಲಿತವಳಲ್ಲ. ಪ್ರಿಂಟ್ ತೆಗೆಸಿ ಹಾಕಿದರೆ ಅದನ್ನು ಮೂಲಕೃತಿ ಅನ್ನಬಹುದಾ? ಹಿರಿಯರ ಪಕ್ಕ ನಿಲ್ಲಲು ಭಯ.

ಕಪ್ಪುಮಸಿ:
ತಂಗೀ, ಹೆಸರು ವಾಪಸ್ ತೆಗೆದುಕೊಳ್ಳಬೇಡ. ನನ್ನ ಇಡೀ ಬದುಕೇ ಪ್ರಿಂಟ್. ಒಂದು ಅಚ್ಚಿನಿಂದ ಇಪ್ಪತ್ತು ಪ್ರತಿ ತೆಗೆದರೆ ಅಡಿಯಲ್ಲಿ ಸೀಸದ ಕಡ್ಡಿಯಲ್ಲಿ 1/20, 2/20 ಅಂತ ಬರೆದು ಸಹಿ ಮಾಡುತ್ತೇವೆ. ಇಪ್ಪತ್ತು ಅಂತ ಬರೆದ ಮೇಲೆ ಇಪ್ಪತ್ತೊಂದನೆಯದು ತೆಗೆಯಬಾರದು, ಅದು ಕೊಳ್ಳುವವರಿಗೆ ಕೊಟ್ಟ ಮಾತು. ನೀನೂ ಹಾಗೇ ಮಾಡು. ಒಳ್ಳೆಯ ದಪ್ಪ, ಆಮ್ಲರಹಿತ ಕಾಗದದಲ್ಲಿ ಪಿಗ್ಮೆಂಟ್ ಶಾಯಿಯ, ಅಂದರೆ ಬಣ್ಣದ ಪುಡಿಯ ಕಣಗಳಿರುವ ಶಾಯಿಯ ಪ್ರಿಂಟ್ ತೆಗೆಸು, ಸಾಮಾನ್ಯ ಡೈ ಶಾಯಿಯದ್ದು ಬೇಗ ಮಾಸುತ್ತದೆ. ಚೀಟಿಯಲ್ಲಿ 'ಡಿಜಿಟಲ್ ಚಿತ್ರ, ಪಿಗ್ಮೆಂಟ್ ಪ್ರಿಂಟ್' ಅಂತ ನೇರವಾಗಿ ಬರೆದುಬಿಡು. ಪಕ್ಕದಲ್ಲಿ ಟ್ಯಾಬ್ಲೆಟ್ ಇಟ್ಟುಕೊಂಡು ಜನರ ಎದುರೇ ಬರೆ. ನಾನು ಬಂದು ನೋಡುತ್ತೇನೆ, ಕಲಿಯುವುದಕ್ಕೇ ಬರುತ್ತೇನೆ.

ಲೆಕ್ಕಪುಸ್ತಕ:
ಎಲ್ಲರೂ ಕಲೆಯ ಬಗ್ಗೆ ಬರೆದಿದ್ದೀರಿ, ಹಣದ ಮಾತು ಯಾರೂ ಎತ್ತಲಿಲ್ಲ. ಕಲಾವಿದರಿಗೆ ಅವಮಾನ ಆಗುವುದು ಹೆಚ್ಚಾಗಿ ಅಲ್ಲೇ.

ಇನ್ನೊಂದು ಕಡೆ ಇಂಥದೇ ಉತ್ಸವದ ಲೆಕ್ಕ ನೋಡಿಕೊಂಡಿದ್ದೆ. ಪೆಂಡಾಲಿನವರಿಗೆ ಮುಂಗಡ ಕೊಟ್ಟೆವು. ಸ್ಪೀಕರಿನವರಿಗೆ ಅದೇ ರಾತ್ರಿ ಕೊಟ್ಟೆವು. ಎರಡು ಗಂಟೆ ಕೂತು ಐವತ್ತು ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸಿದ ಕಲಾವಿದೆಗೆ ಹೂಗುಚ್ಛ ಮತ್ತು ನೆನಪಿನ ಕಾಣಿಕೆ. ಅವರು ನನ್ನನ್ನು ಕೇಳಿದ್ದು ಒಂದೇ: 'ಮಣ್ಣಿನ ದುಡ್ಡಾದರೂ ಸಿಗಬಹುದಾ?' ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಹತ್ತು ಜನ ನೋಡುತ್ತಾರಲ್ಲ, ಹೆಸರು ಬರುತ್ತದಲ್ಲ ಅಂತ ಸಮಿತಿಯಲ್ಲಿ ಹೇಳಿದವರು ಪೆಂಡಾಲಿನವರಿಗೆ ಆ ಮಾತು ಹೇಳಲಿಲ್ಲ.

ಮೂಲೆಮನೆಯವರೇ, ಬಜೆಟ್ ಬರೆಯುವಾಗ ಕಲಾವಿದರ ಗೌರವಧನವನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಉಳಿದದ್ದರಲ್ಲಿ ಪೆಂಡಾಲು ಎಷ್ಟು ದೊಡ್ಡದು ಅಂತ ತೀರ್ಮಾನವಾಗಲಿ. ಹಾಡುವವರು, ಆಡುವವರು, ಕಲಿಸುವವರು ಎಲ್ಲರಿಗೂ ಒಂದೇ ಮೊತ್ತ, ಸಾಮಗ್ರಿಯ ಖರ್ಚು ಬೇರೆ. ಚಿತ್ರ ಹಾಕುವವರಿಂದ ಶುಲ್ಕ ಬೇಡ, ಮಾರಾಟದಲ್ಲಿ ಕಮಿಷನ್ನೂ ಬೇಡ, ಹಣ ನೇರ ಅವರ ಕೈಗೆ ಹೋಗಲಿ. ರಸೀದಿ ಪುಸ್ತಕ ಮಾತ್ರ ನೀವೇ ಕೊಡಿ, ಎಷ್ಟೋ ಜನರ ಬಳಿ ಇರುವುದಿಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಚಿತ್ರ ಕೊಂಡವರಿಗೆ ಸಿಗುವುದು ಆ ವಸ್ತು, ಕೃತಿಸ್ವಾಮ್ಯ (ಕಾಪಿರೈಟ್) ಅಲ್ಲ. ಬರೆದುಕೊಡದ ಹೊರತು ಅದು ಕಲಾವಿದರಲ್ಲೇ ಉಳಿಯುತ್ತದೆ. ಹೆಸರು ಹಾಕಿಸಿಕೊಳ್ಳುವ ಹಕ್ಕನ್ನೂ, ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನೂ ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದ 1928ರಲ್ಲೇ ಸೇರಿಸಿಕೊಂಡಿದೆ. ಉತ್ಸವದ ಪೋಸ್ಟರಿಗೆ ಯಾರದ್ದಾದರೂ ಚಿತ್ರ ಬಳಸುವಿರಾದರೆ ಲಿಖಿತ ಒಪ್ಪಿಗೆ ಪಡೆದು ಹೆಸರು ಹಾಕಿ. ಪ್ರಾಯೋಜಕರ ಲೋಗೋಗಿಂತ ಕಲಾವಿದರ ಹೆಸರು ಚಿಕ್ಕದಾಗಿದ್ದರೆ ನನಗೆ ಸಿಟ್ಟೇ ಬರುತ್ತದೆ.

ಮೂಲೆಮನೆ:
ನಿಮ್ಮ ಮಾತು ಓದಿ ಕಳೆದ ವರ್ಷದ ಲೆಕ್ಕ ತೆಗೆದು ನೋಡಿದೆ. ನಮ್ಮದೂ ಹಾಗೇ ಇದೆ. ಸ್ಥಳೀಯ ಕಲಾವಿದರ ಹೆಸರಿನಲ್ಲಿ ಒಂದು ಸಾಲೂ ಇಲ್ಲ. ನಾಳಿನ ಸಭೆಗೆ ಇದನ್ನೇ ಮೊದಲು ಇಡುತ್ತೇನೆ.

ಗೋಡೆಪಕ್ಕ:
ಉತ್ಸವ ಮುಗಿದ ಮೇಲೂ ಬಡಾವಣೆಯಲ್ಲಿ ಏನಾದರೂ ಉಳಿಯಲಿ ಅಂತಿದ್ದರೆ ಒಂದು ಗೋಡೆಚಿತ್ರ ಯೋಚಿಸಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1984ರಲ್ಲಿ ಗೋಡೆಗಳ ಮೇಲೆ ಗೀಚುತ್ತಿದ್ದ ಹುಡುಗರನ್ನೇ ಕರೆದು ಕುಂಚ ಕೊಟ್ಟರು, ಜೇನ್ ಗೋಲ್ಡನ್ ಅನ್ನುವ ಕಲಾವಿದೆ ಅವರ ಜೊತೆ ನಿಂತರು. ಅಲ್ಲಿ ಈಗ ಸಾವಿರಾರು ಗೋಡೆಚಿತ್ರಗಳಿವೆ.

ಆದರೆ ಉತ್ಸವದ ಹಿಂದಿನ ದಿನ ಗೋಡೆ ಹುಡುಕಬೇಡಿ. ಹೊಸ ಸಿಮೆಂಟ್ ಗಾರೆಯಾದರೆ ಬಣ್ಣಕ್ಕೆ ಮೊದಲು ನಾಲ್ಕು ವಾರವಾದರೂ ಆರಬೇಕು. ತೇವ ಇದ್ದರೆ ಲವಣ ಹೊರಬಂದು ಬಿಳಿಪುಡಿ ಕಟ್ಟಿ ಬಣ್ಣ ಸಿಪ್ಪೆ ಏಳುತ್ತದೆ. ಗೋಡೆಯ ಮಾಲೀಕರ ಒಪ್ಪಿಗೆ ಕಾಗದದಲ್ಲಿರಲಿ, ಎಷ್ಟು ವರ್ಷ ಅಳಿಸುವುದಿಲ್ಲ ಅನ್ನುವುದೂ ಅದರಲ್ಲಿರಲಿ. ಎದುರು ಮನೆಯವರನ್ನೂ ಕೇಳಿ, ದಿನಾ ನೋಡುವವರು ಅವರೇ ತಾನೇ.

ತಿದ್ದುಗೆರೆ:
ನಾಲ್ಕು ವಾರ ಅಂದರೆ ಈ ವರ್ಷಕ್ಕೆ ಆಗಲಿಕ್ಕಿಲ್ಲ. ಮಕ್ಕಳ ಕೈಯಲ್ಲಿ ದೊಡ್ಡ ಕ್ಯಾನ್ವಾಸಿನ ಮೇಲೆ ಕರಡು ಬರೆಸಿ, ಮುಂದಿನ ವರ್ಷ ಗೋಡೆಗೆ ಏರಿಸಬಹುದು.

ತೆರೆದಬಾಗಿಲು:
ತಡವಾಗಿ ಓದಿದೆ. ಮೂಲೆಮನೆಯವರ ಮೊದಲ ಮಾತೇ ಮನಸ್ಸಿನಲ್ಲಿ ಕೂತಿದೆ, ಮೂರನೇ ಮನೆಯ ಅಜ್ಜಿ. ಅವರನ್ನು ಮತ್ತೆ ದಿನವಿಡೀ ಬೀದಿಯ ಕುರ್ಚಿಯಲ್ಲಿ ಕೂರಿಸಬೇಕೇ? ಜನರನ್ನೇ ಅವರ ಬಾಗಿಲಿಗೆ ಕರೆದೊಯ್ಯಬಾರದೇಕೆ?

ಇಂಗ್ಲೆಂಡಿನ ಬ್ರೈಟನ್‌ನಲ್ಲಿ 1982ರಲ್ಲಿ ಒಬ್ಬ ಕಲಾವಿದರು ತಮ್ಮ ಮನೆಯ ಬಾಗಿಲನ್ನೇ ಜನರಿಗೆ ತೆರೆದಿಟ್ಟರು. ಸುತ್ತಲಿನವರೂ ಸೇರಿಕೊಂಡರು. ಕಲಾವಿದರ ತೆರೆದ ಮನೆಗಳು ಅಂತ ಅದು ದೊಡ್ಡದಾಗಿ ಬೆಳೆಯಿತು. ನಾವೂ ನಮ್ಮಲ್ಲಿ ಐದು ಮನೆಗಳಿಂದ ಇದನ್ನು ಮಾಡಿ ನೋಡಿದೆವು. ನಾನು ಕಂಡದ್ದು ಹೇಳುತ್ತೇನೆ: ಪ್ಯಾನೆಲ್ ಮುಂದೆ ಎರಡು ಕ್ಷಣ ನಿಂತು ಮುಂದಕ್ಕೆ ಹೋಗುವ ಜನ, ಅದೇ ಚಿತ್ರವನ್ನು ಬರೆದ ಮೇಜಿನ ಪಕ್ಕ, ಬಣ್ಣ ಮೆತ್ತಿದ ಬಟ್ಟಲುಗಳ ನಡುವೆ ನೋಡಿದರೆ ಅರ್ಧ ಗಂಟೆ ನಿಲ್ಲುತ್ತಾರೆ. ಅರ್ಧಕ್ಕೆ ಬಿಟ್ಟ ಚಿತ್ರವನ್ನೇ ಹೆಚ್ಚು ಹೊತ್ತು ನೋಡುತ್ತಾರೆ. ಪಕ್ಕದ ಮನೆಯವರು ಒಳಗೆ ಬಂದು 'ಇಷ್ಟು ವರ್ಷ ಇದೆಲ್ಲ ಇಲ್ಲೇ ಇತ್ತಾ' ಅಂತ ಕೇಳಿದಾಗ ಆ ಕಲಾವಿದರ ಮುಖ ನೋಡಬೇಕಿತ್ತು.

ಬಿಸಿಲುಮಚ್ಚು:
ಒಂಟಿಯಾಗಿರುವ ಹಿರಿಯರ ಮನೆಗೆ ಅಪರಿಚಿತರನ್ನು ಬಿಡುವುದು ಸರಿಯೇ? ನನಗೆ ಅಳುಕಿದೆ.

ತೆರೆದಬಾಗಿಲು:
ನಿಮ್ಮ ಅಳುಕು ಸರಿಯಾದದ್ದೇ. ನಾವು ಒಳಮನೆ ಮುಚ್ಚಿ ಮುಂದಿನ ಕೋಣೆ ಅಥವಾ ವರಾಂಡ ಮಾತ್ರ ತೆರೆದೆವು. ಪ್ರತಿ ಮನೆಯಲ್ಲೂ ಇಬ್ಬರು ಸ್ವಯಂಸೇವಕರು ಇಡೀ ಹೊತ್ತು ಇದ್ದರು. ಒಂದು ಸಲಕ್ಕೆ ಎಂಟೇ ಜನ. ದಿನಕ್ಕೆ ಎರಡು ಗಂಟೆ ಮಾತ್ರ, ಅದೂ ಮನೆಯವರು ಹೇಳಿದ ಹೊತ್ತಿಗೆ. ಸಾಕು ಅಂದರೆ ಬಾಗಿಲು ಮುಚ್ಚಬಹುದು, ಕಾರಣ ಕೇಳುವುದಿಲ್ಲ. ವಿಳಾಸವನ್ನು ಪೋಸ್ಟರಿನಲ್ಲಿ ಹಾಕದೆ, ಬೀದಿಗೆ ಬಂದವರ ಕೈಗೆ ಮಾತ್ರ ನಕ್ಷೆ ಕೊಟ್ಟೆವು.

ಮೂಲೆಮನೆ:
ಸಭೆ ಮುಗಿಸಿ ಬರೆಯುತ್ತಿದ್ದೇನೆ. ಎರಡೂವರೆ ಗಂಟೆ ಹಿಡಿಯಿತು. ದೊಡ್ಡ ವೇದಿಕೆ ಕೈಬಿಟ್ಟೆವು, ಅದರ ಹಣ ಗೌರವಧನಕ್ಕೆ. ಒಬ್ಬ ಪ್ರಾಯೋಜಕರು ವೇದಿಕೆ ಇಲ್ಲದಿದ್ದರೆ ತಮ್ಮ ಬ್ಯಾನರ್ ಎಲ್ಲಿ ಅಂತ ಕೇಳಿ ಹಿಂದೆ ಸರಿದರು. ಪ್ಯಾನೆಲ್ ಸ್ವಲ್ಪ ಕಡಿಮೆ ಬೀಳಬಹುದು, ಅದಕ್ಕೆ ಇನ್ನೂ ದಾರಿ ಕಂಡಿಲ್ಲ. ಆಯ್ಕೆ ಸಮಿತಿ ಇಲ್ಲ, ಮೂರು ಭಾನುವಾರ ನೆಲದ ಮೇಲೆ ಚಿತ್ರ ಹರಡಿ ಕೂರುತ್ತೇವೆ. ಚೀಟಿಯನ್ನೂ ಎತ್ತಿದೆವು, ಬಂದ ಅಕ್ಷರ 'ಮ'.

ಅಲ್ಲಿಂದ ನೇರ ಮೂರನೇ ಮನೆಗೆ ಹೋದೆ. ಅಜ್ಜಿ ಮೊದಲು ಬೇಡ ಅಂದರು. ಕಳೆದ ಸಲದ್ದು ಸಾಕಾಗಿದೆ ಮಗಳೇ ಅಂದರು. ನಾನು ತಪ್ಪಾಯಿತು ಅಂದೆ. ತುಂಬಾ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಒಂದು ಪೆಟ್ಟಿಗೆ ತಂದರು. ಒಳಗೆ ಮಡಚಿಟ್ಟ ಬಟ್ಟೆಗಳು, ನಲವತ್ತಕ್ಕೂ ಹೆಚ್ಚು. ಒಂದೊಂದರಲ್ಲೂ ಈ ಬೀದಿಗೆ ಬಂದುಹೋದ ಒಂದೊಂದು ಹಕ್ಕಿ, ಮೂಲೆಯಲ್ಲಿ ಕಂಡ ದಿನಾಂಕ. ಎಷ್ಟೋ ಹಕ್ಕಿಗಳು ಈಗ ಬರುವುದಿಲ್ಲವಂತೆ. ವರಾಂಡದಲ್ಲಿ ಕೂರಲು ಒಪ್ಪಿದ್ದಾರೆ, ಸಂಜೆ ನಾಲ್ಕರಿಂದ ಆರು. ಹೆಸರು ದೊಡ್ಡದಾಗಿ ಬರೆದ ಹಲಗೆ ಗೇಟಿಗೆ ಬೇಕಂತೆ, ಅದನ್ನು ತಾವೇ ಬರೆಯುತ್ತಾರಂತೆ.

ಬಿಸಿಲುಮಚ್ಚು:
ಆ ಬಟ್ಟೆಗಳನ್ನು ಮಡಚಿಡಬೇಡಿ, ಮಡಿಕೆಯ ಗೆರೆಯಲ್ಲೇ ಬಣ್ಣ ಒಡೆಯುತ್ತದೆ. ದಪ್ಪ ಕೊಳವೆಗೆ ಆಮ್ಲರಹಿತ ಕಾಗದ ಸುತ್ತಿ, ಚಿತ್ರ ಹೊರಮುಖವಾಗಿರುವಂತೆ ಸುತ್ತಿಡಿ. ವರಾಂಡ ಪಶ್ಚಿಮಕ್ಕಿದ್ದರೆ ನಾಲ್ಕು ಗಂಟೆಗೆ ಬಿಸಿಲು ನೇರ ಬೀಳುತ್ತದೆ, ಪರದೆ ಬೇಕಾಗುತ್ತದೆ. ಯಾವ ದಿಕ್ಕು?

ಮೂಲೆಮನೆ:
ಪಶ್ಚಿಮವೇ.

ಬಿಸಿಲುಮಚ್ಚು:
ಹಾಗಾದರೆ ಶನಿವಾರ ಬಂದು ಅಳತೆ ತೆಗೆದುಕೊಳ್ಳುತ್ತೇನೆ. ಹತ್ತಿ ಬಟ್ಟೆಯ ಪರದೆ, ಎರಡು ಪದರ. ಕೊಳವೆಗಳನ್ನೂ ತರುತ್ತೇನೆ.

ಹೊಸಗರಿ:
ನಾನೂ ಬರುತ್ತೇನೆ. ಹಕ್ಕಿಗಳ ದಿನಾಂಕಗಳನ್ನೆಲ್ಲ ಬರೆದುಕೊಂಡು, ಬೀದಿಯ ನಕ್ಷೆಯಲ್ಲಿ ಯಾವುದು ಎಲ್ಲಿ ಕಂಡಿತ್ತು ಅಂತ ಗುರುತು ಹಾಕಬಹುದಾ ಅಂತ ಅಜ್ಜಿಯನ್ನು ಕೇಳಬೇಕು. ಹೆಸರು ವಾಪಸ್ ತೆಗೆದುಕೊಳ್ಳುವುದಿಲ್ಲ.